ನಮ್ಮ ಮಾತು ಬಲ್ಲವಳು

೧೭೭೬ ನವೆಂಬರ್ ೯, ಶನಿವಾರ. ಜಮೈಕಾ.

ಬೆನೆಬಾಳಿಗೆ ನಮ್ಮ ಸ್ಕಾಟ್ಲೆಂಡಿನ ಗೇಲಿಕ್ ಮಾತು ಬರುತ್ತದೆ.

ಕಬ್ಬಿನ ತೋಟದಲ್ಲಿ ಗುಲಾಮರ ಮೇಸ್ತ್ರಿಕೆ ಮುಗಿಸಿ ಬಂದು ನಾನೂ ಜೊತೆಯ ಮೇಸ್ತ್ರಿ ಮರ್ಡೋನೂ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಅಡುಗೆಮನೆಯ ಗುಲಾಮ ಹೆಂಗಸು ಬೆನೆಬಾ ಉಪ್ಪುಮೀನಿನ ಸಾರು ಬಡಿಸುತ್ತಿದ್ದಳು. ಮರ್ಡೋ ಎಂದಿನಂತೆ ಅವಳ ಎದುರೇ ನಮ್ಮ ಮಾತಿನಲ್ಲಿ, "ಇವಳ ಮಗಳನ್ನ ಸೋಮವಾರ ಮಾರ್ತಾರಂತೆ ಕಣೋ. ಪಾಪ, ಇವಳಿಗೆ ಸುಳಿವೇ ಇಲ್ಲ," ಎಂದು ನಕ್ಕ.

ಅವಳು ಸೌಟು ಕೆಳಗಿಟ್ಟಳು.

"ಸೋಮವಾರ ಎಷ್ಟೊತ್ತಿಗೆ, ಮರ್ಡೋ?"

ಅಪ್ಪಟ ನಮ್ಮ ಸ್ಕೈ ದ್ವೀಪದ ಉಚ್ಚಾರ, ನನ್ನ ಅಮ್ಮನದೇ. ಇಂಗ್ಲಿಷಿನಲ್ಲಿ ಯಾವಾಗಲೂ ‘ಧಣಿ’ ಎನ್ನುತ್ತಿದ್ದವಳು! ಹಿಂದಿನ ಮೇಸ್ತ್ರಿ, ಜ್ವರದಲ್ಲಿ ಸತ್ತ ನಮ್ಮೂರಿನ ಟಾರ್ಕ್ವಿಲ್, ಅವಳನ್ನು ಆರು ವರ್ಷ ಮನೆಯಲ್ಲಿಟ್ಟುಕೊಂಡಿದ್ದ. ಅದು ಗೊತ್ತಿದ್ದೂ ನಮಗೆ ಹೊಳೆಯಲೇ ಇಲ್ಲ.

ಮೂರು ವರ್ಷ ಅವಳ ಮುಂದೆ ಏನೇನು ಒದರಿದ್ದೇವೆ! ಕೋವಿಗಳ ಕೋಣೆಯ ಬೀಗದ ಕೈ ಎಲ್ಲಿದೆ, ನಮ್ಮಲ್ಲಿ ಎಷ್ಟು ಜನ ಜ್ವರದಿಂದ ಮಲಗಿದ್ದಾರೆ, ಗುಲಾಮರು ತಿರುಗಿಬಿದ್ದರೆ ಎಷ್ಟು ಹೊತ್ತು ತಡೆದೇವು. ಅವಳ ಮೈಯ ಬಗ್ಗೆ ಆಡಿದ್ದು ಬೇರೆ. ನಾಚಿಕೆ ಮೊದಲು ಬರಬೇಕಿತ್ತು. ಬಂದದ್ದು ಹೆದರಿಕೆ.

ಸಂಜೆ ಬೀಗದ ಕೈ ನೋಡಲು ಓಡಿದೆ. ಹೂಜಿಯ ಹಿಂದೆ, ಇಟ್ಟಲ್ಲೇ ಇತ್ತು. ಆದರೆ ತುಕ್ಕು ಹಿಡಿದಿದ್ದ ಅದಕ್ಕೆ ಯಾರೋ ಎಣ್ಣೆ ಸವರಿ ಇಟ್ಟಿದ್ದಾರೆ.

ಮರ್ಡೋ ಬಾಗಿಲಿಗೆ ಪೆಟ್ಟಿಗೆ ಅಡ್ಡವಿಟ್ಟು ಕೂತಿದ್ದಾನೆ. ಸೋಮವಾರಕ್ಕೆ ಇನ್ನೊಂದೇ ದಿನ.

ಯಾರಿಗೂ ತಿಳಿಯದಿರಲೆಂದು ಇದನ್ನೂ ಎಂದಿನಂತೆ ಗೇಲಿಕ್‌ನಲ್ಲೇ ಬರೆದಿದ್ದೇನೆ. ಟಾರ್ಕ್ವಿಲ್ ಅವಳಿಗೆ ಓದುವುದನ್ನೂ ಕಲಿಸಿದ್ದರೆ—