ಹೇಳದೆ ಇಟ್ಟ ಕೊಂಡಿ

೫ ನವೆಂಬರ್ ೨೦೧೨, ಸೋಮವಾರ

ಇವತ್ತು ಹೆಣೆದದ್ದು ಎರಡೇ ಸ್ಟೆಂಟ್, ಹೊಟ್ಟೆಯೊಳಗೆ ಕೂರಿಸುವ ತಂತಿಯ ಕೊಳವೆ. ಒಂದರಲ್ಲಿ ಎಳೆ ತಪ್ಪಿತು, ಬಿಚ್ಚಿ ಮತ್ತೆ ಹೆಣೆದೆ. ಸಿಟ್ಟು ಇನ್ನೂ ಇಳಿದಿಲ್ಲ.

ಶನಿವಾರದ್ದು ಇನ್ನೂ ಬರೆದಿಲ್ಲ. ಆಯುಧಪೂಜೆಯ ದಿನ ಕ್ಲೀನ್‌ರೂಮಿನೊಳಗೆ ಬಂದು, ಹೆಣೆಯುವ ಅಚ್ಚಿಗೆ ಕುಂಕುಮ ಇಟ್ಟವನು ಶಶಿಕುಮಾರ್, ನಮ್ಮ ಇಂಜಿನಿಯರ್. ಬೇಡ ಎಂದಿದ್ದೆ. ಒಂದು ಚುಕ್ಕೆಗೆ ಏನಾಗುತ್ತೆ ಎಂದ. ಹತ್ತು ದಿನ ಕಳೆದು, ಈ ಶನಿವಾರ, ಆಡಿಟ್‌ನವರು ಸೀಲಾದ ಪ್ಯಾಕೆಟ್ಟಿನೊಳಗೆ ಕೆಂಪು ಪುಡಿ ಹಿಡಿದರು. ಇವನು ನನ್ನ ಹಣೆ ನೋಡಿದ.

"ಇಳಕಲ್ ಕಡೆಯವ್ರು ಸಾರ್. ಎಷ್ಟು ಹೇಳಿದ್ರೂ ಹಣೆ ತುಂಬ ಬಳ್ಕೊಂಡು ಬರ್ತಾರೆ."

ತಪ್ಪೊಪ್ಪಿಗೆ ಬರೆಸಿದ. ಹನ್ನೊಂದು ಹೆಂಗಸರ ಮುಂದೆ ನಿಲ್ಲಿಸಿ ಓದಿಸಿದ. ಓದಿದೆ. ಅವನ ಮಾತು ಬಿಟ್ಟು ನನ್ನದನ್ನು ಯಾರು ನಂಬುತ್ತಾರೆ? ಆದರೆ ಒಂದು ದಿನ ಅವನು ಅದೇ ಜಾಗದಲ್ಲಿ ನಿಂತು, ಕುಂಕುಮ ಇಟ್ಟವನು ನಾನು ಎಂದು ಓದಬೇಕು. ಓದಿಸದೆ ಪೀಣ್ಯದ ಈ ಕಾರ್ಖಾನೆ ಬಿಡುವುದಿಲ್ಲ.

೮ ನವೆಂಬರ್

ಅವ್ವನ ಫೋನ್. ಅಲ್ಲಿ ಏನು ಹೆಣೆಯುತ್ತೀ ಎಂದು ನೂರನೇ ಸಲ ಕೇಳಿದಳು. ಹೇಳಿದೆ — ಜಠರದ ಹಿಂದೆ ಕೆಲವರಿಗೆ ಕೀವಿನ ಚೀಲ ಆಗುತ್ತದೆ. ಹೊಟ್ಟೆ ಕೊಯ್ಯದೆ, ಬಾಯಿಂದ ಕೊಳವೆ ಇಳಿಸಿ, ಜಠರಕ್ಕೂ ಚೀಲಕ್ಕೂ ನಡುವೆ ದಾರಿ ಮಾಡಿ ಇದನ್ನು ಕೂರಿಸುತ್ತಾರೆ. ತಂತಿಯ ಡಮರು ಅಂದುಕೋ. ಎರಡು ಅಗಲ ಬಾಯಿ ಎರಡು ಗೋಡೆಯನ್ನೂ ಹಿಡಿದಿರಬೇಕು. ನಮ್ಮದು ಎಳೆದರೆ ಒಂದು ಬಾಯಿ ಮಡಚಿಕೊಂಡು ಜಾರುತ್ತದೆ. ಶಶಿಕುಮಾರ್ ಆರು ತಿಂಗಳಿಂದ ತಲೆ ಕೆರೆದುಕೊಳ್ಳುತ್ತಿದ್ದಾನೆ.

"ಒಡಲಿಗಿ ಸೆರಗು ಸುಮ್ನ ಗಂಟು ಹಾಕಿದ್ರ ನಿಲ್ತೈತೇನವ್ವಾ? ಎಳಿಗಿ ಎಳಿ ಕೊಂಡಿ ಹಾಕ್ಬೇಕು," ಎಂದಳು.

ಅವಳಿಗೆ ಎಲ್ಲವೂ ಸೀರೆ: ಒಡಲೆಂದರೆ ಸೀರೆಯ ಮೈ, ಕೊಂಡಿ ಎಂದರೆ ಅದರ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸುವುದು. ಆದರೆ ರಾತ್ರಿಯ ಅಡುಗೆ ಮುಗಿಯುವವರೆಗೂ ಅದೇ ಮಾತು ತಲೆಯಲ್ಲಿ...

೧೬ ನವೆಂಬರ್, ಶುಕ್ರವಾರ

ಊಟದ ಹೊತ್ತಿನಲ್ಲಿ ವೇಸ್ಟ್ ತಂತಿಯಲ್ಲಿ ಹೆಣೆದೆ. ಡಮರುವಿನ ಕುತ್ತಿಗೆಯಲ್ಲಿ ಪ್ರತಿ ಎಳೆಗೂ ಪಕ್ಕದ ಎಳೆಯ ಕೊಂಡಿ — ಇಳಕಲ್ ಸೀರೆಗೆ ಸೆರಗು ಕೂಡಿಸಿದ ಹಾಗೆ. ಆಕಾರ ಗಟ್ಟಿಯಾಗಲು ಬೇರೆ ಬ್ಯಾಚಿನ ಜೊತೆ ಕುಲುಮೆಗೆ ಸೇರಿಸಿದೆ. ಸಂಜೆ ಶಶಿಕುಮಾರ್ ವೈಟ್‌ಫೀಲ್ಡ್‌ಗೆ ಮೀಟಿಂಗಿಗೆ ಹೋಗಿದ್ದ. ಟೆಸ್ಟಿಗೆ ತರಿಸಿದ ಹಂದಿಯ ಜಠರದ ಎರಡು ತುಂಡು ಉಳಿದಿದ್ದವು. ಕೂರಿಸಿ ಎಳೆದೆ. ಮಾಂಸ ಹರಿಯಿತು. ತಂತಿ ಅಲ್ಲಾಡಲಿಲ್ಲ.

ಐದು ನಿಮಿಷ ನೋಡುತ್ತ ಕೂತೆ. ಆಮೇಲೆ ಶಶಿಕುಮಾರನ ಕಣ್ಣಿಗೆ ಬೀಳದ ಹಾಗೆ ಒಂದೊಂದೇ ಎಳೆ ಬಿಚ್ಚಿ ಕಸದ ಡಬ್ಬಿಗೆ ಹಾಕಿದೆ.

ಇಂಥ ಸಂತೋಷ ಈಚೆಗೆ ಆಗಿರಲಿಲ್ಲ.

೨೧ ನವೆಂಬರ್

ಇವತ್ತಿನ ಟೆಸ್ಟಿನಲ್ಲಿ ಹತ್ತರಲ್ಲಿ ಏಳು ಜಾರಿದವು. ಶಶಿಕುಮಾರನ ಮುಖ ನೋಡುವ ಹಾಗಿತ್ತು. ಯಾರಿಗಾದರೂ ಏನಾದರೂ ಹೊಳೆಯುತ್ತಾ ಎಂದು ಎಲ್ಲರನ್ನೂ ಕೇಳಿದ. ನನ್ನ ಟೇಬಲ್ಲಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತ. ನಾನು ಹೆಣೆಯುತ್ತಲೇ ಇದ್ದೆ.

೨೪ ನವೆಂಬರ್, ಶನಿವಾರ

ಜಾರದ ಮೂರನ್ನೇ ಮಾಲೀಕರಿಗೆ ತೋರಿಸಿದ! ವೆಂಕಟರಮಣಪ್ಪನವರು ಭೇಷ್ ಅಂದರಂತೆ. ಹೊಸ ಬ್ಯಾಚಿನ ಮೂರು ಸ್ಟೆಂಟ್ ಟ್ರಯಲ್ಲಿಗೆಂದು ಒಂದು ಆಸ್ಪತ್ರೆಗೆ ಹೋಗುತ್ತವೆ. ಹೆಣೆದದ್ದು ನಾನು. ಅವನು ಹೇಳಿದ ಹಾಗೇ, ಕೊಂಡಿ ಇಲ್ಲದೆ.

ಜಾರಲಿ. ಡಾಕ್ಟರ ಕಣ್ಣೆದುರೇ ಜಾರಲಿ. ಅವನ ಮಾನ ಹೋಗಲಿ.

೧೭ ಡಿಸೆಂಬರ್, ಸೋಮವಾರ

ಜಾರಿದೆ.

ಶಶಿಕುಮಾರನನ್ನು ಮಾಲೀಕರು ಎಲ್ಲರ ಮುಂದೆ ಬೈದರು. ಇಲ್ಲಿ ಸುಳ್ಳು ಬರೆಯುವುದಿಲ್ಲ — ಮೊದಲು ಖುಷಿಯಾಯಿತು. ಜಾರಿದ್ದು ಒಬ್ಬ ಹೆಂಗಸಿನ ಹೊಟ್ಟೆಯೊಳಗೆ ಎಂದು ಆಮೇಲೆ ತಿಳಿಯಿತು. ಕೊನೆಗೂ ಕೊಯ್ಯಬೇಕಾಯಿತಂತೆ. ಬದುಕಿದ್ದಾಳೆ. ಊಟ ಯಾವಾಗ ಕೊಡುತ್ತೀರಿ ಎಂದು ನರ್ಸಮ್ಮನನ್ನು ಕೇಳುತ್ತಾಳಂತೆ.

ನಾನೂ ಇವತ್ತು ಉಣ್ಣಲಿಲ್ಲ. ಅವಳಿಗಾಗಿ ಅಂತ ಅಲ್ಲ. ಸೇರಲಿಲ್ಲ, ಅಷ್ಟೆ.

೧೮ ಡಿಸೆಂಬರ್

ಬೆಳಿಗ್ಗೆಯೇ ಶಶಿಕುಮಾರ್ ನನ್ನ ಟೇಬಲ್ಲಿಗೆ ಬಂದ.

"ಇನ್ನಿಬ್ರ ಹೊಟ್ಟೇಲಿ ಅದೇ ಬ್ಯಾಚ್ ಇದೆ ಕಣಮ್ಮ. ತೆಗೆದ್ರೆ ಬೇರೆ ಹಾಕ್ಬೇಕು, ಹಾಕೋಕೆ ಇರೋದೂ ಅದೇ. ಹೊರದೇಶದ್ದು ಬರೋಕೆ ಎರಡು ವಾರ. ನಿಂಗೇನಾದ್ರೂ ಗೊತ್ತಿದ್ರೆ ಹೇಳು."

"ಗೊತ್ತೈತ್ರಿ ಸರ್. ಒಂದು ದಿನದ ಕೆಲಸ," ಎಂದೆ. "ಮೊದ್ಲು ಅಲ್ಲಿ ನಿಂತು ಓದ್ರಿ. ಕುಂಕುಮ ಇಟ್ಟಾವ ನಾನಂತ."

ನನ್ನ ಟೇಬಲ್ಲಿನಿಂದ ತಂತಿಯ ಸುರುಳಿ ಎತ್ತಿಕೊಂಡ. ತನ್ನ ಕೋಣೆಗೆ ಹೋದ.

೧೯ ಡಿಸೆಂಬರ್

ಬರಲಿಲ್ಲ. ಗಾಜಿನಾಚೆ ತಾನೇ ತಂತಿ ಹಿಡಿದು ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಎರಡು ಬೆರಳಿಗೆ ಬ್ಯಾಂಡೇಜ್. ಪಕ್ಕದ ಟೇಬಲ್ಲಿನ ಶ್ಯಾಮಲಾ, ಜಾಲಹಳ್ಳಿಯವಳು, ಮೆಲ್ಲಗೆ ಹೇಳಿದಳು: "ಹೇಳ್ಬಿಡೇ. ಅವ್ರೇನು ಮಾಡಿದ್ರು ನಿಂಗೆ, ಅದನ್ನ ಹೊಟ್ಟೇಲಿ ಇಟ್ಕೊಂಡಿರೋರು?"

ಏನೂ ಮಾಡಿಲ್ಲ. ಗೊತ್ತು. ನಾಲ್ಕು ಸಾಲು ಓದಿದರೆ ಇವನದೇನು ಹೋಗುತ್ತದೆ? ನಾನು ಓದಲಿಲ್ಲವೇ, ಮಾಡದ ತಪ್ಪಿಗೆ? ಅವನು ಹಟ ಬಿಡಲಿ, ನಾನೂ ಬಿಡುತ್ತೇನೆ.

೨೦ ಡಿಸೆಂಬರ್, ಗುರುವಾರ

ಓದಿದ!

ಬೆಳಿಗ್ಗೆ ಎಂಟಕ್ಕೆ, ಶಿಫ್ಟ್ ಶುರುವಾಗುವ ಮೊದಲು. ಹನ್ನೊಂದು ಜನರೂ ಇದ್ದರು, ಮಾಲೀಕರೂ. ಮಾಸ್ಕಿನೊಳಗೆ ಗೊಣಗಿದ. ಕೇಳಿಸಲಿಲ್ಲ, ಮಾಸ್ಕ್ ತೆಗೆದು ಓದಿರಿ ಎಂದೆ. ತೆಗೆದು ಓದಿದ.

"ಅಚ್ಚಿಗೆ ಕುಂಕುಮ ಇಟ್ಟವನು ನಾನು. ದಾನೇಶ್ವರಿ ಬೇಡ ಅಂದಿದ್ದಳು. ತಪ್ಪನ್ನು ಅವಳ ಮೇಲೆ ಹಾಕಿದೆ."

ಒಂದೂವರೆ ತಿಂಗಳು ಕಾದಿದ್ದು ಇದಕ್ಕೇ. ಎದೆ ತುಂಬಿತು. ತಕ್ಷಣ ಕೂತೆ. ಇಬ್ಬರಿಗೆ ಎರಡು. ಎಲ್ಲರಿಗೂ ಕಾಣುವ ಹಾಗೆ ಕೊಂಡಿ ಹಾಕಿದೆ. ಸಂಜೆ ಕುಲುಮೆಯಿಂದ ಬಂದವು. ಶಶಿಕುಮಾರ್ ಎಳೆದು ನೋಡಿದ, ಮತ್ತೆ ಎಳೆದ. ಆಮೇಲೆ ತಾನೇ ಎತ್ತಿಕೊಂಡು ಸ್ಟೆರಿಲೈಸ್ ಮಾಡಿಸಲು ಹೋದ.

೨೧ ಡಿಸೆಂಬರ್, ಶುಕ್ರವಾರ. ಬೆಳಿಗ್ಗೆ ೯.೪೦

ಎರಡೂ ಸ್ಟೆರಿಲೈಸ್ ಆಗಿ ಬಂದವು. ಲೇಬಲ್ ನಾನೇ ಅಂಟಿಸಿದೆ. ಎರಡು ಪ್ಯಾಕೆಟ್ಟನ್ನೂ ಡಬ್ಬಿಯಲ್ಲಿಟ್ಟು ಶಶಿಕುಮಾರನ ಕೈಗೆ ಕೊಟ್ಟೆ. ಹೊರಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿದ. ಎರಡು ತರ್ತಿದೀನಿ ಸಾರ್ ಎಂದ. ಆಮೇಲೆ ಅವರು ಹೇಳಿದ್ದು ಕೇಳಿಸಿಕೊಂಡ. ಫೋನ್ ಇಟ್ಟ. ಡಬ್ಬಿ ತೆರೆದು ಒಂದು ಪ್ಯಾಕೆಟ್ ತೆಗೆದು ನನ್ನ ಟೇಬಲ್ಲಿನ ಮೇಲೆ ಇಟ್ಟ.

"ಒಂದೇ ಸಾಕಂತೆ. ಇನ್ನೊಬ್ರು ಹೋಗ್ಬಿಟ್ರಂತೆ."

ಯಾವಾಗ ಎಂದೆ. ನಿನ್ನೆ ಬೆಳಿಗ್ಗೆ ಎಂದ. ನಿನ್ನೆ ಬೆಳಿಗ್ಗೆ ಎಷ್ಟು ಗಂಟೆಗೆ ಎಂದು ಕೇಳಬೇಕು ಅಂತ ಇದೆ: ಎಂಟಕ್ಕೆ ನಾನು ಇವನ ಮಾಸ್ಕ್ ತೆಗೆಸಿ ಓದಿಸುತ್ತಿದ್ದೆ.