ಮೂವತ್ಮೂರು ಅನಾರಸ

ಸೇಡಂ
ಪರಾಭವ ಸಂವತ್ಸರ, ವೈಶಾಖ ಬಹುಳ ಅಷ್ಟಮಿ, ರವಿವಾರ
ನಿಮ್ಮ ಆಫೀಸಿನ ಲೆಕ್ಕಕ್ಕೆ ೧೦ ಮೇ ೨೦೨೬

ಚಿ. ಪ್ರಾಣೇಶರಾಯರಿಗೆ ಜಾನಕೀಬಾಯಿಯ ಅನೇಕ ಆಶೀರ್ವಾದಗಳು. ಚಿ. ಸೌ. ರಾಧಿಕಾಳಿಗೂ ಅಷ್ಟೇ ತೂಕದವು. ಇಲ್ಲಿ ನಾನು, ನಿಮ್ಮ ಮಾವ ಕ್ಷೇಮ. ಅಲ್ಲಿ ಶಹಾಬಾದದಲ್ಲಿ ಪರಸಿ ಕಲ್ಲು ಈ ಬಿಸಿಲಿಗೆ ಕಾಲಿಡಲೂ ಬಿಡುತ್ತಿರಲಿಕ್ಕಿಲ್ಲ, ಚಪ್ಪಲಿ ಹಾಕಿಕೊಂಡೇ ಅಂಗಳಕ್ಕೆ ಇಳಿಯಿರಿ.

ಯುಗಾದಿಗೇ ಬರೆಯಬೇಕಾಗಿತ್ತು, ತಡವಾಯಿತು. ಓಣಿಗೆಲ್ಲ ಪಂಚಾಂಗ ಓದಿ ಹೇಳುವವಳು ನಾನೇ ಅಲ್ಲವೇ? ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಎಂದು ಕೇಳುವವರು ಇನ್ನೂ ಬರುತ್ತಲೇ ಇದ್ದಾರೆ. "ಯುಗಾದಿ ಮುಗದು ಎಷ್ಟ ದಿನಾ ಆತು, ನಿನ್ನ ದರ್ಬಾರ ಮುಗೀಲಿಲ್ಲ" ಎಂದು ನಿಮ್ಮ ಮಾವ ಗೊಣಗುತ್ತಾರೆ. ಅವರ ರಾಶಿಗೆ ಈ ವರ್ಷ ಅವಮಾನ ಜಾಸ್ತಿ ಬರೆದಿದೆ, ನಾನೇನು ಮಾಡಲಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನೀವು "ನೋಡೂಣ್ರಿ ಅತ್ಯಾ" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ.

ವಿಷಯ ಇಷ್ಟು. ಬರುವ ರವಿವಾರ ಅಧಿಕ ಜ್ಯೇಷ್ಠ ಹಿಡಿಯುತ್ತದೆ. ಶುಕ್ಲ ದ್ವಾದಶಿ, ಗುರುವಾರ, ಅಕ್ಕಿ-ಬೆಲ್ಲ ಕಲಸಿ ಕರಿದ ಮೂವತ್ಮೂರು ಅನಾರಸದ ದಾನ ತೆಗೆದುಕೊಳ್ಳಲು ನೀವಿಬ್ಬರೂ ಬರಬೇಕು. ಅಧಿಕಮಾಸ ಬಂದಾಗಲೆಲ್ಲ ಮಗಳು-ಅಳಿಯನನ್ನು ಲಕ್ಷ್ಮೀನಾರಾಯಣರೆಂದು ಕೂರಿಸಿ, ಕಂಚಿನ ತಟ್ಟೆಯಲ್ಲಿ ದೀಪವಿಟ್ಟು ಕೊಡುವುದು ನಮ್ಮಲ್ಲಿ ತಪ್ಪಿಲ್ಲ. ಹಿಂದಿನ ಸಲ, ಅಧಿಕ ಶ್ರಾವಣದಲ್ಲಿ, ನಿಮ್ಮ ಪಕ್ಕದಲ್ಲಿ ನನ್ನ ಪದ್ಮಶ್ರೀ ಕುಳಿತಿದ್ದಳು. ಮುಂದಿನದು ಬರುವಷ್ಟರಲ್ಲಿ ಅವಳೇ ಇಲ್ಲ.

ನನ್ನ ನಾದಿನಿ ಚಂದ್ರಲಾಬಾಯಿ ಚಿತ್ತಾಪುರದಿಂದ ಬಂದವರು ನನಗೆ ಬುದ್ಧಿ ಹೇಳಿದರು. "ಮಗಳ ಇಲ್ಲಂದಮ್ಯಾಲ ಅಳಿಯಾ ಎಲ್ಲಿಂದ ಬರ್ತಾನ? ಅವಂಗ ಈಗ ಬ್ಯಾರೆ ಅತ್ತಿಮನಿ ಆಗ್ಯದ. ಸುಮ್ನ ಗುಡಿ ಆಚಾರ್ರಿಗಿ ಕೊಟ್ಟಬಿಡು."

"ಪಂಚಾಂಗ ನನಗ ಕಲಸಬ್ಯಾಡ" ಎಂದೆ. ಅಂದಿನಿಂದ ಮುಖ ಊದಿಸಿಕೊಂಡಿದ್ದಾರೆ.

ಪಂಚಾಂಗದಲ್ಲಿ ನನಗೆ ಭಕ್ತಿಗಿಂತ ಲೆಕ್ಕದ ಹುಚ್ಚೇ ಹೆಚ್ಚು, ನಿಮಗೆ ಗೊತ್ತು. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಆ ಕೊರತೆ ಕೂಡಿ ಕೂಡಿ, ಹೆಚ್ಚುಕಡಿಮೆ ಮೂವತ್ಮೂರು ತಿಂಗಳಿಗೆ ಒಂದು ತಿಂಗಳಾಗುತ್ತದೆ. ಅನಾರಸ ಮೂವತ್ಮೂರು ಯಾಕೆಂದರೆ ದೇವತೆಗಳು ಮೂವತ್ಮೂರು ಎಂದು ಆಚಾರ್ಯರು ಹೇಳುತ್ತಾರೆ, ನನ್ನ ಗುಮಾನಿ ಈ ತಿಂಗಳುಗಳ ಮೇಲೆ. ಪಕ್ಕದ ಮನೆಯ ಹಮೀದಾಬೇಗಂಗೆ ಇದನ್ನು ಹೇಳಿದೆ. "ನಮ್ದಾಗ ಆ ಹೆಚ್ಚಿನ ತಿಂಗಳ ಹಾಕಂಗಿಲ್ಲರಿ ಬಾಯಾರ, ಅದಕ್ಕ ರಮ್ಜಾನ ಮಳಿ, ಚಳಿ, ಬಿಸಲ ಎಲ್ಲಾದ್ರಾಗೂ ತಿರಗತದ" ಎಂದರು. ಕಟ್ಟೆಯ ಮೇಲೇ ಲೆಕ್ಕ ಹಾಕಿದೆವು. ಆ ಸುತ್ತು ಮುಗಿಯುವುದೂ ಅವರ ಮೂವತ್ಮೂರು ವರ್ಷಕ್ಕೇ ಬಂತು. ಇಬ್ಬರಿಗೂ ಭಾಳ ಖುಷಿಯಾಗಿ ಚಹಾ ಆರಿದ್ದೂ ಗೊತ್ತಾಗಲಿಲ್ಲ.

ಈಗ ವಾಡಿ ಸ್ಟೇಷನ್ನಿನ ಮಾತು. ಮಾಘದಲ್ಲಿ ನೀವು ಮತ್ತೆ ಮದುವೆಯಾದಿರಿ. ಮಾಡಿಕೊಳ್ಳಿರಿ ಎಂದು ನಾನೇ ಹೇಳಿದ್ದೆ, ಮನಸಾರೆ ಹೇಳಿದ್ದೆ. ಚೈತ್ರದಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಎದುರಾದಾಗ ರಾಧಿಕಾ "ಯಾರ್ರಿ ಇವರು?" ಎಂದು ಕೇಳಿದಳು. ನೀವು ತಡವರಿಸಿ, "ನಮ್ಮ ಪರಿಚಯದವ್ರು" ಎಂದಿರಿ. ಹುಡುಗಿ ಅಷ್ಟಕ್ಕೇ ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗೆ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಸಿಟ್ಟು ಮಾತ್ರ ಬರಲಿಲ್ಲ. ನನ್ನನ್ನು ಇನ್ನು ಏನೆಂದು ಕರೆಯಬೇಕೋ ನಿಮಗೆ ಹೊಳೆಯಲಿಲ್ಲ, ಅಷ್ಟೇ. ಆವತ್ತಿನಿಂದ ನೀವು ಸೇಡಮ್ಮಿನ ಕಡೆ ತಲೆಯನ್ನೇ ಹಾಕಿಲ್ಲ.

ಹನ್ನೆರಡು ತಿಂಗಳಿಗೂ ಒಬ್ಬೊಬ್ಬ ದೇವರಿದ್ದಾನೆ. ಹೆಚ್ಚಾಗಿ ಬಂದ ತಿಂಗಳಿಗೆ ಯಾರೂ ಇರಲಿಲ್ಲ. ಮದುವೆಗೆ ಬೇಡ, ಮುಂಜಿಗೆ ಬೇಡ, ಮಲಮಾಸ ಎಂದು ದೂರ ಇಟ್ಟರು. ಅದು ಅಳುತ್ತ ವಿಷ್ಣುವಿನ ಹತ್ತಿರ ಹೋಯಿತು. ಅವನು ತನ್ನ ಹೆಸರನ್ನೇ ಕೊಟ್ಟು ಪುರುಷೋತ್ತಮ ಮಾಸ ಎಂದ. ಲೆಕ್ಕಕ್ಕೆ ಹೆಚ್ಚಾದದ್ದನ್ನು ನಮ್ಮ ಹಿರಿಯರು ಹೊಡೆದುಹಾಕಲಿಲ್ಲ, ಹೆಸರಿಟ್ಟು ಒಳಗೆ ಕರೆದರು. ಆದ್ದರಿಂದ ಮುಂದೆ ಯಾರಾದರೂ ಕೇಳಿದರೆ ತಡವರಿಸಬೇಡಿರಿ. ನಾನು ರಾಧಿಕಾಳ ಅಧಿಕ ಅವ್ವ. ಐನಾಪುರದ ಅವಳ ಅವ್ವನೂ ಮೂವತ್ಮೂರು ಕೊಡಲಿ, ನಾನೂ ಕೊಡುತ್ತೇನೆ. ಅರವತ್ತಾರು ತಿಂದು ಕೆಟ್ಟ ಅಳಿಯನನ್ನು ನಾನಂತೂ ಕಂಡಿಲ್ಲ.

ಅಕ್ಕಿ ಮೂರು ದಿನ ನೆನೆಯಬೇಕು. ನೀವು ಹೂಂ ಎಂದರೂ ಎನ್ನದಿದ್ದರೂ ನಾನು ನೆನೆಹಾಕುತ್ತೇನೆ. ನಿಮ್ಮ ಮಾವನೂ ಅಟ್ಟದ ಮೇಲಿನ ಕಂಚಿನ ತಟ್ಟೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದಾರೆ. ಅವರು ಯಾರಿಗೂ ಬಾಯಿಬಿಟ್ಟು ಬರ್ರಿ ಎನ್ನುವವರಲ್ಲ, ನಿಮಗೆ ಗೊತ್ತಿದೆ. ಪುರುಷೋತ್ತಮ ನಿಮ್ಮಿಬ್ಬರನ್ನೂ ನೂರು ಅಧಿಕಮಾಸ ಕಾಯಲಿ.

ಇಂತಿ ನಿಮ್ಮ ಅತ್ತೆ,
ಜಾನಕೀಬಾಯಿ

ತಾ.ಕ.: ನಿಮಗೂ ಗೊತ್ತಿರದ ಮಾತೊಂದಿದೆ. ಪದ್ಮಶ್ರೀ ಚಿಕ್ಕಂದಿನಿಂದಲೂ ನಾನು ಅನಾರಸ ಎಣಿಸಿ ಮುಗಿಸುವ ಮೊದಲೇ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಿಂದಿನ ಸಲ ಲಕ್ಷ್ಮಿಯಾಗಿ ಕೂರುವ ಮೊದಲೂ ಹಾಗೇ ಮಾಡಿದಳು. ಅದಕ್ಕೇ ನಾನು ಯಾವತ್ತೂ ಕರಿಯುವುದು ಮೂವತ್ನಾಲ್ಕು. ನಿನ್ನೆ ಅಕ್ಕಿ ಅಳೆದಿಡುವಾಗಲೂ ಕೈ ತಾನೇ ಒಂದು ಹಿಡಿ ಹೆಚ್ಚು ಹಾಕಿತು. ತೆಗೆಯಲು ನನ್ನಿಂದ ಆಗಲಿಲ್ಲ. ಆ ಒಂದು ತಟ್ಟೆಯಲ್ಲಿ ಉಳಿದರೆ ನಾನು ನೋಡಲಾರೆ. ರಾಧಿಕಾಳಿಗೆ ಏನೂ ಹೇಳಬೇಡಿರಿ. ಬಂದ ತಕ್ಷಣ ಅವಳನ್ನು ಅಡುಗೆಮನೆಗೆ ಕಳಿಸಿರಿ, ನಾನು ಎಣಿಸುತ್ತಿರುತ್ತೇನೆ.