ಹನ್ನೆರಡನೆಯ ಅಧ್ಯಾಯದ ಸಾವು

ಪ್ರೀತಿಯ ಮೃಣ್ಮಯ್‌ದಾ,

ಮದುವೆಯಾಗಿ ಮೂರು ತಿಂಗಳಾದರೂ ಗಂಡನನ್ನು ನೋಡಿದರೆ ಇನ್ನೂ ಕುಣಿಯುವಂತಾಗುತ್ತದೆ! ಆದರೆ ಅವನ ಅಜ್ಜಿ, ನಮ್ಮ ಠಾಕುಮಾ, ಗಂಡನಿಗಾಗಿ ಕಾದು ಕಳೆದ ಐವತ್ತು ವರ್ಷಗಳನ್ನು ಕಾದಂಬರಿ ಮಾಡುತ್ತ ತೀರಾ ದಣಿದಿದ್ದೇನೆ. ಪೂರ್ವ ಬಂಗಾಳದ ಬಾರಿಸಾಲಿನ ಗಲಭೆಯಲ್ಲಿ ಕಾಣೆಯಾದ ಅಜ್ಜನನ್ನು ಸಂಪಾದಕರಾದ ನೀವು ಹೇಳಿದಂತೆ ಹನ್ನೆರಡನೆಯ ಅಧ್ಯಾಯದಲ್ಲಿ ಸಾಯಿಸಿ, ಇಂದು ಊಟದ ಹೊತ್ತಿಗೆ ಠಾಕುಮಾಗೆ ಓದಿ ಹೇಳಿದೆ. ಅವರು ತಟ್ಟೆಯ ಮೀನನ್ನು ಪಕ್ಕಕ್ಕೆ ಸರಿಸಿದರು.

"ಅವರು ಹೋದ್ರು ಅಂತ ನೀನೇ ಬರೆದ್ಮೇಲೆ ವಿಧವೆಗೆ ಮೀನ್ಯಾಕೇ ಹುಡುಗಿ?"

"ಅದು ಬರೀ ಕಥೆ, ಠಾಕುಮಾ!"

"ಅಚ್ಚಾಗುತ್ತಲ್ಲ?"

ನಾಳೆ ಬೆಳಿಗ್ಗೆ ಕೈಯ ಮುತ್ತೈದೆತನದ ಶಂಖದ ಬಳೆ ಒಡೆಯುತ್ತಾರಂತೆ. ದಯವಿಟ್ಟು ಆ ಅಧ್ಯಾಯ ಕೈಬಿಡಿ, ಅಜ್ಜ ಕಾಣೆಯಾಗಿಯೇ ಇರಲಿ. ಠಾಕುಮಾಗೆ ತೋರಿಸಲು ಹಾಗೆಂದು ನಿಮ್ಮ ಕೈಯಾರೆ ಒಂದು ಸಾಲು ಬರೆದು, ಈ ಪತ್ರ ತಂದ ನನ್ನ ಗಂಡನ ಬಳಿ ಇಂದೇ ಕೊಟ್ಟು ಕಳಿಸಿ. ಅವನನ್ನು ಚಹಾಕ್ಕೆ ಕೂರಿಸಬೇಡಿ.

ನಿಮ್ಮ,
ಶ್ರೀತಮಾ